ಹೆಂಗಸರಿಗೆ ಪ್ರೀತಿ ಪ್ರೇಮ ಅಂದ್ರೆ ಯಾಕೆ ಅಷ್ಟೊಂದು ಇಷ್ಟ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪ್ರೀತಿ, ಸಂಬಂಧ, ಮದುವೆ ಇಂಥ ವಿಷಯಗಳ ಬಗ್ಗೆ ಓದ್ತೀನಿ, ಬರೀತೀನಿ ಅಂತ ಗೊತ್ತಾದ ಮೇಲೆ ಜನ ನನ್ನ ಹತ್ರ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಮೇಡಂ, ಹೆಂಗಸರಿಗೆ ಈ ಲವ್ವು ರೊಮ್ಯಾನ್ಸು ಅಂದ್ರೆ ಯಾಕೆ ಅಷ್ಟೊಂದು ಇಷ್ಟ?" ಒಬ್ಬೊಬ್ರು ಒಂದೊಂದು ದನಿಯಲ್ಲಿ ಕೇಳ್ತಾರೆ. ಮದುವೆಯಾಗಿ ಹತ್ತು ಹದಿನೈದು ವರ್ಷ ಆಗಿರೋ ಗಂಡಸರು ಸ್ವಲ್ಪ ಸುಸ್ತಾಗಿ ಕೇಳ್ತಾರೆ, ಇಷ್ಟೆಲ್ಲಾ ಮಾಡಿದ್ರೂ ಅವಳಿಗೆ ಇನ್ನೇನೋ ಬೇಕಂತೆ ಅನ್ನೋ ಥರ. ಬೆಳೆದ ಮಗಳಿರೋ ಅಮ್ಮಂದಿರು ಭಯದಲ್ಲಿ ಕೇಳ್ತಾರೆ. ಇಪ್ಪತ್ತರ ಆಸುಪಾಸಿನ ಹುಡುಗೀರು ಕೇಳೋದೇ ಬೇರೆ, "ನಂಗೆ ಓದು ಇದೆ, ಕೆಲಸ ಇದೆ, ಫ್ರೆಂಡ್ಸ್ ಇದಾರೆ, ಆದ್ರೂ ಯಾರಾದ್ರೂ ಒಬ್ರು ನನ್ನನ್ನ ತುಂಬಾ ಪ್ರೀತಿಸ್ಬೇಕು ಅನ್ಸತ್ತೆ, ಇದು ನನ್ನ ವೀಕ್ನೆಸ್ಸಾ?" ಅಂತ. ಈ ಮೂರನೇ ಥರದ ಪ್ರಶ್ನೆ ಬಂದಾಗ ನಂಗೆ ನಿಜವಾಗ್ಲೂ ಹೊಟ್ಟೆಯಲ್ಲಿ ಸಂಕಟ ಆಗತ್ತೆ, ಯಾಕಂದ್ರೆ ಯಾರೋ ಆ ಹುಡುಗಿಗೆ ಅವಳ ಆಸೆ ಅನ್ನೋದು ಕೀಳು ಅಂತ ಆಗ್ಲೇ ಹೇಳಿಕೊಟ್ಟಿರ್ತಾರೆ.

ಹಾಗಾಗಿ ಎದುರಿಗೆ ಸಿಕ್ಕಾಗ ಎರಡು ಮಾತಲ್ಲಿ ಹೇಳಿ ಮುಗಿಸೋದನ್ನ ಇಲ್ಲಿ ನಿಧಾನಕ್ಕೆ ಹೇಳ್ತೀನಿ.

ಮೊದಲಿಗೆ, ಈ ಪ್ರಶ್ನೆಯೊಳಗೇ ಒಂದು ತೀರ್ಮಾನ ಇದೆ ನೋಡಿ, ಹೆಂಗಸರಿಗೆ ಪ್ರೀತಿಯ ಹುಚ್ಚು ಜಾಸ್ತಿ, ಗಂಡಸರು ಪ್ರಾಕ್ಟಿಕಲ್ಲು ಅಂತ. ಇದನ್ನ ನಾವೆಲ್ಲ ಎಷ್ಟು ಸಲ ಕೇಳಿದೀವಿ ಅಂದ್ರೆ ಯಾರೂ ಪರೀಕ್ಷೆ ಮಾಡೋಕೇ ಹೋಗಲ್ಲ. ಆದ್ರೆ ಮನಶ್ಶಾಸ್ತ್ರದೋರು ಪರೀಕ್ಷೆ ಮಾಡಿದಾರೆ, ಬಂದಿರೋ ಉತ್ತರ ಉಲ್ಟಾ. ಅಮೆರಿಕದ ಬಾಸ್ಟನ್ ಸುತ್ತಮುತ್ತ 1970ರ ದಶಕದಲ್ಲಿ ಝಿಕ್ ರೂಬಿನ್, ಲೆಟಿಷಿಯಾ ಪೆಪ್ಲೋ, ಚಾರ್ಲ್ಸ್ ಹಿಲ್ ಅನ್ನೋ ಮೂವರು ಸಂಶೋಧಕರು 231 ಪ್ರೇಮಿಗಳ ಜೋಡಿಗಳನ್ನ ಎರಡು ವರ್ಷ ಹಿಂಬಾಲಿಸಿ ನೋಡಿದ್ರು. ಬೇಗ ಪ್ರೀತಿಗೆ ಬಿದ್ದೋರು ಹುಡುಗ್ರು. ಸಂಬಂಧ ಸರಿಹೋಗ್ತಿಲ್ಲ ಅಂತ ಮೊದಲು ಕಂಡುಕೊಂಡು ಮುಗಿಸಿದೋರು ಹೆಚ್ಚಾಗಿ ಹುಡುಗೀರು. 2011ರಲ್ಲಿ ಮರಿಸ್ಸಾ ಹ್ಯಾರಿಸನ್, ಜೆನಿಫರ್ ಶಾರ್ಟಾಲ್ ಇಬ್ರೂ ಕಾಲೇಜು ವಿದ್ಯಾರ್ಥಿಗಳನ್ನ ಕೇಳಿ ನೋಡಿದಾಗ್ಲೂ ಅದೇ, ಬೇಗ ಪ್ರೀತಿ ಹುಟ್ಟೋದು ಗಂಡಿಗೆ, "ಐ ಲವ್ ಯೂ" ಅಂತ ಮೊದಲು ಬಾಯಿಬಿಡೋದೂ ಅವನೇ. 1989ರಲ್ಲಿ ಸೂಸನ್ ಸ್ಪ್ರೆಚರ್ ಮತ್ತು ಸಾಂಡ್ರಾ ಮೆಟ್ಸ್ ಅನ್ನೋರು ಪ್ರೇಮದ ಬಗೆಗಿನ ನಂಬಿಕೆಗಳನ್ನ ಅಳೆಯೋಕೆ ಒಂದು ಪ್ರಶ್ನಾವಳಿ ಮಾಡಿದ್ರು, ನಿಜವಾದ ಪ್ರೀತಿ ಎಲ್ಲಾ ಅಡ್ಡಿ ದಾಟತ್ತೆ, ನಂಗೆ ಅಂತ ಇರೋದು ಒಬ್ರೇ, ಮೊದಲ ನೋಟದಲ್ಲೇ ಪ್ರೀತಿ ಆಗತ್ತೆ, ಈ ಥರದ ನಂಬಿಕೆಗಳು. ಅದರಲ್ಲೂ ಜಾಸ್ತಿ ಅಂಕ ಬಂದಿದ್ದು ಗಂಡಸರಿಗೆ.

ಹಾಗಾದ್ರೆ ನಾವು ಕಣ್ಣಾರೆ ನೋಡೋದು ಸುಳ್ಳಾ? ಪ್ರೇಮಕಥೆ ಓದೋದು ಯಾರು, ಪ್ರೇಮದ ಸೀರಿಯಲ್ಲು ನೋಡೋದು ಯಾರು, ಫ್ರೆಂಡ್ ಜೊತೆ ಕೂತು ಅವನು ಹಿಂಗಂದ ಯಾಕಂದ ಅಂತ ಎರಡು ಗಂಟೆ ಮಾತಾಡೋದು ಯಾರು ಅಂತ ನೀವು ಕೇಳಬಹುದು. ಸುಳ್ಳಲ್ಲ. ಹೆಂಗಸರು ಪ್ರೀತಿಯ ಬಗ್ಗೆ ಜಾಸ್ತಿ ಓದ್ತಾರೆ, ಜಾಸ್ತಿ ಮಾತಾಡ್ತಾರೆ, ಜಾಸ್ತಿ ಯೋಚನೆ ಮಾಡ್ತಾರೆ. ಆದ್ರೆ ಪ್ರೀತಿಗೆ ಬೀಳೋದು ಒಂದು, ಪ್ರೀತಿಯನ್ನ ತಿರುಗಿಸಿ ಮುರುಗಿಸಿ ನೋಡೋದು ಇನ್ನೊಂದು, ಇವೆರಡನ್ನೂ ನಾವು ಕಲಸಿಬಿಟ್ಟಿದೀವಿ. ನನ್ನ ಪ್ರಕಾರ ಹೆಂಗಸರಿಗೆ ಜಾಸ್ತಿ ಇರೋದು ಈ ಎರಡನೇದು. ಅದು ಯಾಕೆ ಬಂತು ಅನ್ನೋದೇ ಈ ಇಡೀ ವಿಷಯದ ತಿರುಳು, ಮತ್ತೆ ಅದಕ್ಕೆ ಕಾರಣ ಹೆಣ್ಣಿನ ಸ್ವಭಾವ, ಹೆಣ್ಣಿನ ಮನಸ್ಸು ಮೃದು, ಹೆಣ್ಣು ಭಾವನಾಜೀವಿ ಅಂತ ಹೇಳಿ ಕೈತೊಳ್ಕೊಳ್ಳೋದನ್ನ ನಾನು ಒಪ್ಪೋದಿಲ್ಲ.

ಕಾರಣ ಇಷ್ಟೇ, ತಪ್ಪು ಮನುಷ್ಯನನ್ನ ಆರಿಸ್ಕೊಂಡ್ರೆ ಹೆಣ್ಣು ತೆರಬೇಕಾದ ಬೆಲೆ ಬಹಳ ದೊಡ್ಡದಾಗಿತ್ತು, ಇವತ್ತಿಗೂ ದೊಡ್ಡದೇ. ಸ್ವಲ್ಪ ಕಾನೂನಿನ ಕಡೆ ನೋಡಿ. ಇಂಗ್ಲೆಂಡಲ್ಲಿ 1870ರ ಕಾಯ್ದೆ ಬರೋವರೆಗೂ ಮದುವೆಯಾದ ಹೆಂಗಸು ದುಡಿದ ಕೂಲಿ ಕೂಡ ಕಾನೂನಿನ ಪ್ರಕಾರ ಗಂಡಂದು, ಆಸ್ತಿಯನ್ನ ತನ್ನ ಹೆಸರಲ್ಲಿ ಪೂರ್ತಿಯಾಗಿ ಇಟ್ಕೊಳ್ಳೋ ಹಕ್ಕು ಬಂದಿದ್ದು 1882ರಲ್ಲಿ. ಫ್ರಾನ್ಸಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಬ್ಯಾಂಕ್ ಖಾತೆ ತೆಗೆಯೋಕೆ, ಕೆಲಸಕ್ಕೆ ಸೇರೋಕೆ ಆಗಿದ್ದು 1965ರ ಕಾನೂನು ಬಂದ ಮೇಲೆ, ಅಂದ್ರೆ ನಮ್ಮ ಅಜ್ಜಿ ಅಮ್ಮಂದಿರ ಕಾಲದಲ್ಲಿ. ಅಮೆರಿಕದಲ್ಲಿ ಹೆಂಗಸು ಅನ್ನೋ ಕಾರಣಕ್ಕೆ ಸಾಲ, ಕ್ರೆಡಿಟ್ ಕಾರ್ಡ್ ನಿರಾಕರಿಸಬಾರದು ಅಂತ ಕಾನೂನು ಬಂದಿದ್ದು 1974ರಲ್ಲಿ. ಅಲ್ಲಿವರೆಗೂ ಒಬ್ಬ ಹೆಂಗಸಿನ ಊಟ, ಬಟ್ಟೆ, ಇರೋ ಮನೆ, ಮಕ್ಕಳ ಭವಿಷ್ಯ, ಕೊನೆಗೆ ಏಟು ತಿನ್ನದೆ ರಾತ್ರಿ ಮಲಗ್ತಾಳೋ ಇಲ್ವೋ ಅನ್ನೋದು ಕೂಡ ಒಬ್ಬ ಗಂಡಸಿನ ಗುಣದ ಮೇಲೆ ನಿಂತಿತ್ತು. ಅಂಥ ಜಾಗದಲ್ಲಿ ನಿಂತಿರೋಳು ಆ ಗಂಡಸಿನ ಮುಖದ ಪ್ರತಿ ಗೆರೆಯನ್ನ ಓದೋಕೆ ಕಲೀತಾಳೆ. ಅವನ ದನಿ ಯಾಕೆ ಬದಲಾಯ್ತು, ಇವತ್ತು ಯಾಕೆ ನಗ್ಲಿಲ್ಲ, ಹೇಳಿದ ಮಾತಿಗೂ ಮಾಡಿದ ಕೆಲಸಕ್ಕೂ ತಾಳೆ ಆಗತ್ತಾ ಅಂತ ನೋಡ್ತಾ ಇರ್ತಾಳೆ. ನೋಡಿದ್ದನ್ನ ಅಕ್ಕನ ಹತ್ರ, ಗೆಳತಿ ಹತ್ರ ಹೇಳಿ ಅವಳ ಅಭಿಪ್ರಾಯ ತಗೋತಾಳೆ. ನೀವು ಅದನ್ನ ಹರಟೆ ಅಂತೀರಿ, ನಾನು ಅದನ್ನ ಬದುಕೋ ವಿದ್ಯೆ ಅಂತೀನಿ, ಅಮ್ಮನಿಂದ ಮಗಳಿಗೆ ಬಂದಿರೋ ವಿದ್ಯೆ.

ಇದು ಬರೀ ನನ್ನ ಊಹೆ ಅಂತ ಅನ್ಕೋಬೇಡಿ. ವಿಲಿಯಂ ಕೆಫಾರ್ಟ್ ಅನ್ನೋ ಸಮಾಜಶಾಸ್ತ್ರಜ್ಞ 1967ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ, ನಂಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯ ಅನ್ಸೋದು ಅದೇ. ಸಾವಿರಕ್ಕೂ ಹೆಚ್ಚು ಅಮೆರಿಕನ್ ಕಾಲೇಜು ವಿದ್ಯಾರ್ಥಿಗಳಿಗೆ ಆತ ಕೇಳಿದ ಪ್ರಶ್ನೆ ಇದು, ನೀವು ಬಯಸೋ ಬೇರೆ ಎಲ್ಲಾ ಗುಣಗಳೂ ಇರೋ ವ್ಯಕ್ತಿ ಸಿಕ್ಕಿದ್ರೆ, ಆದ್ರೆ ಅವರ ಮೇಲೆ ಪ್ರೀತಿ ಇಲ್ದಿದ್ರೆ, ಮದುವೆ ಆಗ್ತೀರಾ? ಹುಡುಗರಲ್ಲಿ ಸುಮಾರು ಶೇಕಡಾ 65 ಜನ ಆಗಲ್ಲ ಅಂದ್ರು. ಹುಡುಗೀರಲ್ಲಿ ಹಾಗೆ ಖಚಿತವಾಗಿ ಆಗಲ್ಲ ಅಂದಿದ್ದು ಶೇಕಡಾ 24 ಮಾತ್ರ. ಉಳಿದೋರಲ್ಲಿ ಬಹಳ ಜನ, ಏನು ಮಾಡ್ತೀವೋ ಗೊತ್ತಿಲ್ಲ ಅಂದ್ರು. ಗಮನಿಸಿ, ಪ್ರೀತಿ ಇಲ್ದಿದ್ರೂ ಪರವಾಗಿಲ್ಲ ಅಂತ ಅವರು ಹೇಳ್ಲಿಲ್ಲ, ಗೊತ್ತಿಲ್ಲ ಅಂದ್ರು. ಆ ಗೊತ್ತಿಲ್ಲ ಅನ್ನೋದರಲ್ಲಿ ಎಷ್ಟೊಂದು ಲೆಕ್ಕಾಚಾರ, ಎಷ್ಟೊಂದು ಹಿಂಜರಿಕೆ ಇದೆ ಅಂತ ನಾನು ಆಗಾಗ ಯೋಚಿಸ್ತೀನಿ. ಪ್ರೀತಿಗೋಸ್ಕರ ಮಾತ್ರ ಮದುವೆ ಆಗ್ತೀನಿ ಅಂತ ಹೇಳೋಕೆ ಕೈಯಲ್ಲಿ ಸ್ವಂತ ಸಂಪಾದನೆ ಬೇಕು, ಅದು ಆಗ ಅವರಿಗೆ ಇರಲಿಲ್ಲ. 1980ರ ದಶಕದ ನಡುವೆ ಜೆಫ್ರಿ ಸಿಂಪ್ಸನ್ ಮತ್ತು ಅವರ ಜೊತೆಗಾರರು ಅದೇ ಪ್ರಶ್ನೆ ಮತ್ತೆ ಕೇಳಿದ್ರು. ಈ ಸಲ ಹುಡುಗರಲ್ಲೂ ಹುಡುಗೀರಲ್ಲೂ ಹತ್ತಿರ ಹತ್ತಿರ ಶೇಕಡಾ 85 ಜನ ಪ್ರೀತಿ ಇಲ್ದೆ ಮದುವೆ ಇಲ್ಲ ಅಂದುಬಿಟ್ರು. ಇಪ್ಪತ್ತು ವರ್ಷದೊಳಗೆ ಹೆಣ್ಣಿನ ಹಾರ್ಮೋನು ಬದಲಾಗಲ್ಲ, ಮಿದುಳು ಬದಲಾಗಲ್ಲ. ಬದಲಾಗಿದ್ದು ಓದು, ಕೆಲಸ, ಸಂಬಳ. ಹೆಣ್ಣುಮಕ್ಕಳು ದುಡಿಯೋಕೆ ಶುರುಮಾಡಿದ್ರೆ ಪ್ರೀತಿಗೀತಿ ಎಲ್ಲಾ ಬೇಡವಾಗತ್ತೆ ಅಂತ ಹೇಳೋರು ಇದನ್ನ ಓದ್ಬೇಕು, ತಮ್ಮ ಕಾಲ ಮೇಲೆ ನಿಂತ ಮೇಲೇ ಅವರು ಪ್ರೀತಿ ಬೇಕೇ ಬೇಕು ಅಂತ ಗಟ್ಟಿಯಾಗಿ ಕೇಳೋಕೆ ಶುರುಮಾಡಿದ್ದು.

ಹೆಂಗಸರು ದುಡ್ಡು ನೋಡ್ತಾರೆ, ಗಂಡಸರು ಅಂದ ನೋಡ್ತಾರೆ ಅನ್ನೋ ಇನ್ನೊಂದು ಮಾತೂ ಇದೆಯಲ್ಲ, ಅದಕ್ಕೂ ಇಲ್ಲೇ ಉತ್ತರ ಸಿಗತ್ತೆ. ಡೇವಿಡ್ ಬಸ್ ಅನ್ನೋ ಮನಶ್ಶಾಸ್ತ್ರಜ್ಞ 37 ಸಂಸ್ಕೃತಿಗಳಲ್ಲಿ ಹತ್ತು ಸಾವಿರ ಜನರನ್ನ ಕೇಳಿ 1989ರಲ್ಲಿ ಪ್ರಕಟಿಸಿದ ಅಧ್ಯಯನವನ್ನ ಎಲ್ಲರೂ ಉದಾಹರಿಸ್ತಾರೆ, ಸಂಪಾದನೆಗೆ ಹೆಂಗಸರು ಗಂಡಸರಿಗಿಂತ ಹೆಚ್ಚು ಬೆಲೆ ಕೊಡ್ತಾರೆ ಅಂತ ಅದರಲ್ಲಿ ಬಂದಿದ್ದು ನಿಜ. ಆದ್ರೆ ಆ ಸರ್ವೆಯಲ್ಲಿ ಒಟ್ಟಾರೆ ಮೇಲಿನ ಸಾಲಲ್ಲಿ ನಿಂತಿದ್ದು ಪರಸ್ಪರ ಪ್ರೀತಿ, ನಂಬಬಹುದಾದ ಗುಣ, ಗಂಡಿಗೂ ಹೆಣ್ಣಿಗೂ. ಅದನ್ನ ಯಾರೂ ಹೇಳೋದೇ ಇಲ್ಲ. ಆಮೇಲೆ 1999ರಲ್ಲಿ ಆಲಿಸ್ ಈಗ್ಲಿ, ವೆಂಡಿ ವುಡ್ ಅದೇ ಅಂಕಿಗಳನ್ನ ಮತ್ತೆ ತೆಗೆದು ನೋಡಿದಾಗ, ಯಾವ ದೇಶದಲ್ಲಿ ಹೆಣ್ಣು ಗಂಡು ಹೆಚ್ಚು ಸಮಾನವಾಗಿದಾರೋ ಅಲ್ಲಿ ಈ ಸಂಪಾದನೆ ಬಗೆಗಿನ ವ್ಯತ್ಯಾಸ ಕಡಿಮೆ ಆಗ್ತಾ ಹೋಗತ್ತೆ ಅಂತ ಕಂಡುಬಂತು. ನಂಗೆ ಇದರಲ್ಲಿ ಆಶ್ಚರ್ಯ ಏನೂ ಕಾಣಲ್ಲ.

ಹಾಗಂತ ದೇಹದ ಪಾತ್ರ ಇಲ್ಲ ಅಂತ ನಾನು ಹೇಳ್ತಿಲ್ಲ. 2005ರಲ್ಲಿ ಆರ್ಥರ್ ಏರನ್, ಹೆಲೆನ್ ಫಿಶರ್ ಮತ್ತೆ ಅವರ ತಂಡ ಆಗಷ್ಟೇ ಗಾಢ ಪ್ರೀತಿಯಲ್ಲಿ ಬಿದ್ದಿದ್ದ 17 ಜನರ ಮಿದುಳನ್ನ ಸ್ಕ್ಯಾನ್ ಮಾಡಿದ್ರು, ಪ್ರೀತಿಸಿದೋರ ಫೋಟೊ ತೋರಿಸಿದಾಗ ಡೋಪಮಿನ್ ಅನ್ನೋ ರಾಸಾಯನಿಕ ಹರಿಸೋ ಭಾಗ ಚುರುಕಾಯ್ತು, ಬಯಕೆ ಮತ್ತೆ ಬಹುಮಾನಕ್ಕೆ ಸಂಬಂಧಪಟ್ಟ ಜಾಗ ಅದು. ಗಂಡಸರಲ್ಲೂ ಹೆಂಗಸರಲ್ಲೂ ಅದೇ ಜಾಗ. ವಿಲಿಯಂ ಜಾಂಕೋವಿಯಾಕ್, ಎಡ್ವರ್ಡ್ ಫಿಶರ್ ಅನ್ನೋ ಮಾನವಶಾಸ್ತ್ರಜ್ಞರು 1992ರಲ್ಲಿ ಲೋಕದ 166 ಸಮಾಜಗಳ ಬಗ್ಗೆ ಇರೋ ದಾಖಲೆಗಳನ್ನ ಜಾಲಾಡಿ, ಅದರಲ್ಲಿ 147ರಲ್ಲಿ ಪ್ರಣಯದ ಕುರುಹು ಸಿಕ್ತು ಅಂತ ಬರೆದ್ರು. ಅಂದ್ರೆ ಇದು ಸಿನಿಮಾ ಕಲಿಸಿದ ಚಟ ಅಲ್ಲ, ಯಾವುದೋ ದೇಶದಿಂದ ಬಂದ ಫ್ಯಾಷನ್ನೂ ಅಲ್ಲ, ಮನುಷ್ಯರಾಗಿ ಹುಟ್ಟಿದ ಮೇಲೆ ಬರೋದು.

ಈಗ ಪ್ರೇಮಕಥೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇದರ ಬಗ್ಗೆ ಜನರ ತಾತ್ಸಾರ ನೋಡಿ ನಂಗೆ ಬೇಜಾರಾಗತ್ತೆ. ಹೆಂಗಸರು ಓದೋ ಪ್ರೇಮಕಾದಂಬರಿ ಅಂದ ತಕ್ಷಣ ಮೂಗು ಮುರಿಯೋ ಜನ, ಗಂಡಸರು ಓದೋ ಪತ್ತೇದಾರಿ ಕಥೆಗೆ ಹಾಗೆ ಮಾಡಲ್ಲ, ಕ್ರಿಕೆಟ್ ಮ್ಯಾಚನ್ನ ಇಡೀ ದಿನ ಕೂತು ನೋಡೋದಕ್ಕಂತೂ ಯಾರೂ ಏನೂ ಅನ್ನಲ್ಲ. ಜಾನಿಸ್ ರಾಡ್‌ವೇ ಅನ್ನೋ ಅಮೆರಿಕದ ವಿದ್ವಾಂಸೆ ಇಂಥ ಕಾದಂಬರಿಗಳನ್ನ ಓದೋ ಹೆಂಗಸರ ಜೊತೆ ಕೂತು ಮಾತಾಡಿ 1984ರಲ್ಲಿ ಒಂದು ಪುಸ್ತಕ ಬರೆದ್ರು. ಅದಕ್ಕೆ ಮುಂಚೆ ವಿಮರ್ಶಕರು ಪುಸ್ತಕಗಳನ್ನ ನೋಡಿ ಓದುಗರ ಬಗ್ಗೆ ತೀರ್ಪು ಕೊಡ್ತಿದ್ರು, ಈಕೆ ಓದುಗರನ್ನೇ ಕೇಳಿದ್ರು. ಅವರಲ್ಲಿ ಬಹಳಷ್ಟು ಜನ ಮನೆ ಮಕ್ಕಳನ್ನ ನೋಡ್ಕೊಂಡಿರೋ ಹೆಂಗಸರು. ಅವರು ಹೇಳಿದ್ದು ಏನಂದ್ರೆ, ಪುಸ್ತಕ ಹಿಡಿದಿರೋ ಹೊತ್ತು ನನ್ನದು, ಆಗ ಯಾರೂ ನನ್ನನ್ನ ಕರೀಬಾರದು. ಇಡೀ ದಿನ ಬೇರೆಯವರ ಹಸಿವು, ಬೇರೆಯವರ ನಿದ್ದೆ, ಬೇರೆಯವರ ಸಿಟ್ಟು ನೋಡ್ಕೊಂಡೋಳಿಗೆ ಆ ಒಂದು ಗಂಟೆ ಮಾತ್ರ ಯಾರಿಗೂ ಏನೂ ಕೊಡಬೇಕಾಗಿರಲಿಲ್ಲ. ಇನ್ನು ಕಥೆಯೊಳಗೆ ಅವರಿಗೆ ಯಾಕೆ ಆ ನಾಯಕ ಇಷ್ಟ ಅಂತ ನೋಡಿದ್ರೆ, ಎತ್ತರ, ದುಡ್ಡು, ಅಧಿಕಾರ ಎಲ್ಲಾ ಇರತ್ತೆ ಸರಿ, ಆದ್ರೆ ಅವರ ಮನಸ್ಸು ನಿಲ್ಲೋದು ಅವನು ನಾಯಕಿಯನ್ನ ಗಮನಿಸೋ ಕಡೆ, ಅವಳಿಗೆ ಹುಷಾರಿಲ್ಲದಾಗ ನೋಡ್ಕೊಳ್ಳೋ ಕಡೆ, ಅವಳು ಎಲ್ಲರ ಹಾಗಲ್ಲ ಅಂತ ಅವನಿಗೆ ಅರ್ಥ ಆಗೋ ಕಡೆ. ಎಲ್ಲರನ್ನೂ ನೋಡ್ಕೊಳ್ಳೋಳಿಗೆ ತನ್ನನ್ನ ನೋಡ್ಕೊಳ್ಳೋರು ಒಬ್ರು ಬೇಕು ಅನ್ಸತ್ತೆ. ಇದರಲ್ಲಿ ಮೂರ್ಖತನ ಎಲ್ಲಿದೆ?

ಇಲ್ಲಿಂದ ಆ ಸುಸ್ತಾದ ಗಂಡಂದಿರ ಪ್ರಶ್ನೆಗೆ ಬರೋದು ಸುಲಭ. "ಮದುವೆಗೆ ಮುಂಚೆ ಎಷ್ಟು ಮಾತಾಡ್ತಿದ್ಲು, ಈಗ ಹತ್ರ ಹೋದ್ರೆ ಸುಸ್ತು ಅಂತಾಳೆ, ಆದ್ರೆ ರೊಮ್ಯಾನ್ಸ್ ಇಲ್ಲ ಅಂತ ದೂರೂ ಅವಳೇ ಹೇಳ್ತಾಳೆ, ಇದೇನು ಮೇಡಂ?" ಅಂತ. ಕೇಳೋರು ಕೆಟ್ಟೋರಲ್ಲ, ನಿಜವಾಗ್ಲೂ ಗೊಂದಲದಲ್ಲಿ ಇರ್ತಾರೆ. ನಾನು ಅವರಿಗೆ ಕೇಳೋ ಮೊದಲನೇ ಪ್ರಶ್ನೆ ಮನೆಕೆಲಸದ ಬಗ್ಗೆ, ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಅವರು ಮುಖ ನೋಡ್ತಾರೆ. ಬಹಳ ಸಂಬಂಧ ಇದೆ. ಆರ್ಲಿ ಹಾಕ್‌ಶೀಲ್ಡ್ ಅನ್ನೋ ಸಮಾಜಶಾಸ್ತ್ರಜ್ಞೆ 1989ರಲ್ಲಿ, ಹೊರಗೆ ಕೆಲಸ ಮಾಡೋ ದಂಪತಿಗಳ ಮನೆಯೊಳಗಿನ ಕೆಲಸ ಲೆಕ್ಕ ಹಾಕಿ, ಹೆಂಡತಿ ಗಂಡನಿಗಿಂತ ವರ್ಷಕ್ಕೆ ಒಂದು ತಿಂಗಳು, ಅದೂ ದಿನಕ್ಕೆ 24 ಗಂಟೆ ಲೆಕ್ಕದ ತಿಂಗಳು, ಹೆಚ್ಚು ದುಡೀತಾಳೆ ಅಂತ ಬರೆದ್ರು. 2019ರಲ್ಲಿ ಆಲಿಸನ್ ಡಾಮಿಂಗರ್ 35 ದಂಪತಿಗಳ ಜೊತೆ ಮಾತಾಡಿ ಕೈಯಲ್ಲಿ ಮಾಡೋ ಕೆಲಸ ಬಿಟ್ಟು ತಲೆಯಲ್ಲಿ ಮಾಡೋ ಕೆಲಸ ಯಾರದು ಅಂತ ನೋಡಿದ್ರು. ಮಗುವಿನ ಶೂ ಚಿಕ್ಕದಾಗ್ತಿದೆ ಅಂತ ಮುಂಚೆನೇ ಗಮನಿಸೋದು, ಡಾಕ್ಟರ್ ಅಪಾಯಿಂಟ್‌ಮೆಂಟ್ ಯಾವಾಗ ಅಂತ ನೆನಪಿಟ್ಕೊಳ್ಳೋದು, ಹೇಳಿದ ಕೆಲಸ ಆಯ್ತಾ ಅಂತ ಮತ್ತೆ ನೋಡೋದು, ಇದೆಲ್ಲ ಹೆಚ್ಚಾಗಿ ಹೆಂಗಸರ ತಲೆ ಮೇಲೆ. ತೀರ್ಮಾನ ತಗೊಳ್ಳೋ ಹೊತ್ತಿಗೆ ಮಾತ್ರ ಇಬ್ರೂ ಸಮಾನ. ಹಾಗಾಗಿ ಗಂಡಂಗೆ ನಾವಿಬ್ರೂ ಸೇರಿ ಮನೆ ನಡೆಸ್ತಿದೀವಿ ಅಂತ ಪ್ರಾಮಾಣಿಕವಾಗಿ ಅನ್ಸತ್ತೆ, ಹೆಂಡತಿಗೆ ಎಲ್ಲಾ ನಂದೇ ಅಂತ ಅಷ್ಟೇ ಪ್ರಾಮಾಣಿಕವಾಗಿ ಅನ್ಸತ್ತೆ.

ಇಂಥ ತಲೆ ಹೊತ್ತುಕೊಂಡಿರೋಳಿಗೆ ರಾತ್ರಿ ಹತ್ತು ಗಂಟೆಗೆ ಏಕ್‌ದಂ ಪ್ರೇಮಿ ಆಗು ಅಂದ್ರೆ ಹೇಗೆ ಆಗ್ತಾಳೆ ಹೇಳಿ. ಕೆನಡಾದ ವೈದ್ಯೆ ರೋಸ್ಮರಿ ಬ್ಯಾಸನ್ 2000ನೇ ಇಸವಿಯಲ್ಲಿ ಹೇಳಿದ ಒಂದು ವಿಷಯ ಎಲ್ಲಾ ದಂಪತಿಗಳಿಗೂ ಗೊತ್ತಿರ್ಬೇಕು ಅಂತ ನನ್ನ ಆಸೆ. ಬಯಕೆ ಅನ್ನೋದು ಯಾವಾಗ್ಲೂ ತಾನಾಗೇ ಮೊದಲು ಹುಟ್ಟಿ ಆಮೇಲೆ ಹತ್ರ ಬರೋದು ಅಂತ ಇಲ್ಲ, ಬಹಳ ಹೆಂಗಸರಲ್ಲಿ, ಅದರಲ್ಲೂ ವರ್ಷಗಟ್ಟಲೆಯ ಸಂಬಂಧದಲ್ಲಿ, ಮೊದಲು ಮನಸ್ಸು ಹತ್ರ ಆಗತ್ತೆ, ಸ್ಪರ್ಶ ಹಿತ ಅನ್ಸತ್ತೆ, ಅದಾದ ಮೇಲೆ ಬಯಕೆ ಹುಟ್ಟತ್ತೆ. ಅಂಥವಳಿಗೆ ತಾನಾಗೇ ಆಸೆ ಬರ್ತಿಲ್ಲ ಅಂದ್ರೆ ಅದು ಕಾಯಿಲೆನೂ ಅಲ್ಲ, ಗಂಡನ ಮೇಲೆ ಪ್ರೀತಿ ಸತ್ತಿದೆ ಅಂತಾನೂ ಅಲ್ಲ. ಇದನ್ನ ಕೇಳಿ ಎಷ್ಟೋ ಹೆಂಗಸರು ಅಯ್ಯೋ ನಂಗೇ ಏನೋ ಆಗಿದೆ ಅನ್ಕೊಂಡಿದ್ದೆ ಅಂತ ಅತ್ತಿದಾರೆ. ಅವರು ರೊಮ್ಯಾನ್ಸ್ ಬೇಕು ಅಂತ ಹೇಳ್ತಾ ಇದ್ದಿದ್ದು ಆ ಹತ್ರ ಆಗೋ ಭಾಗವನ್ನ, ಗಂಡನಿಗೆ ಕೇಳಿಸ್ತಾ ಇದ್ದಿದ್ದು ಹೂವು ಗಿಫ್ಟು.

ಹೂವು ಗಿಫ್ಟು ಬೇಡ ಅಂತಲ್ಲ, ಕೊಡಿ, ಸಂತೋಷನೇ. ಆದ್ರೆ ಜಾನ್ ಗಾಟ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ ದಂಪತಿಗಳನ್ನ ವರ್ಷಾನುಗಟ್ಟಲೆ ಗಮನಿಸಿ ಹೇಳಿದ್ದು ತುಂಬಾ ಚಿಕ್ಕ ಚಿಕ್ಕ ಗಳಿಗೆಗಳ ಬಗ್ಗೆ. ಒಬ್ರು ಕಿಟಕಿ ಹತ್ರ ನಿಂತು ನೋಡಿಲ್ಲಿ ಎಷ್ಟು ಚಂದದ ಹಕ್ಕಿ ಅಂತಾರೆ, ಇನ್ನೊಬ್ರು ಫೋನಿಂದ ತಲೆ ಎತ್ತಿ ಎಲ್ಲಿ ಅಂತಾರೋ ಇಲ್ವೋ ಅನ್ನೋದು. ಆರು ವರ್ಷ ಆದ ಮೇಲೂ ಜೊತೆಗಿದ್ದ ದಂಪತಿಗಳು ಇಂಥ ಕರೆಗೆ ಶೇಕಡಾ 86ರಷ್ಟು ಸಲ ಓಗೊಟ್ಟಿದ್ರು, ಬೇರೆಯಾದೋರು ಶೇಕಡಾ 33ರಷ್ಟು ಸಲ ಅಂತ ಅವರ ಲೆಕ್ಕ. ಹೆಂಗಸರನ್ನ ರೊಮ್ಯಾಂಟಿಕ್ ಅಂದ್ರೆ ಏನು ಅಂತ ಕೇಳಿ ನೋಡಿ, ಯಾವಾಗ್ಲೋ ಒಂದು ಸಲ ಹೇಳಿದ್ದನ್ನ ಅವನು ನೆನಪಿಟ್ಕೊಂಡಿದ್ದ, ನನ್ನ ಮೀಟಿಂಗ್ ಹೇಗಾಯ್ತು ಅಂತ ಅವನಾಗೇ ಕೇಳ್ದ, ನಾನು ಮಾತಾಡುವಾಗ ಮಧ್ಯ ಬಾಯಿ ಹಾಕ್ಲಿಲ್ಲ, ಇಂಥವೇ ಬರೋದು. ಇದಕ್ಕೆ ದುಡ್ಡು ಬೇಡ, ಆದ್ರೆ ದಿನಾ ಬೇಕಾಗತ್ತೆ, ಅದಕ್ಕೇ ಕಷ್ಟ ಅನ್ಸತ್ತೆ.

ಗಮನ ಕೊಡೋದು ಬೇರೆ, ಬೆನ್ನು ಬೀಳೋದು ಬೇರೆ ಅನ್ನೋದನ್ನೂ ಇಲ್ಲೇ ಹೇಳ್ಬೇಕು, ಮಗಳ ಬಗ್ಗೆ ಭಯ ಇರೋ ಅಮ್ಮಂದಿರಿಗೆ ಇದು ಮುಖ್ಯ. ದಿನಕ್ಕೆ ನೂರು ಮೆಸೇಜು, ಎಲ್ಲಿದೀಯ ಯಾರ ಜೊತೆ ಇದೀಯ ಅಂತ ಪ್ರಶ್ನೆ, ಎರಡೇ ವಾರದಲ್ಲಿ ನೀನಿಲ್ಲದೆ ಬದುಕಲ್ಲ ಅನ್ನೋ ಮಾತು, ಇದೆಲ್ಲ ಹೊರಗಿಂದ ನೋಡಿದ್ರೆ ಗಾಢ ಪ್ರೀತಿ ಥರ ಕಾಣತ್ತೆ, ಪ್ರೀತಿಗೋಸ್ಕರ ಕಾಯ್ತಾ ಇರೋ ಹುಡುಗಿಗೆ ಇನ್ನೂ ಹಾಗೇ ಕಾಣತ್ತೆ. ಗಮನಿಸೋನಿಗೆ ಅವಳು ಇಲ್ಲ ಅಂದಿದ್ದು ಕೇಳಿಸತ್ತೆ, ಬೆನ್ನು ಬೀಳೋನಿಗೆ ಕೇಳಿಸಲ್ಲ. ಮಗಳಿಗೆ ಪ್ರೀತಿ ಮಾಡ್ಬೇಡ ಅಂತ ಬೀಗ ಹಾಕಿದ್ರೆ ಅವಳು ಈ ವ್ಯತ್ಯಾಸ ಯಾರ ಹತ್ರ ಕಲೀತಾಳೆ? ನಾನು ಮೇಲೆ ಹೇಳಿದ ಆ ವಿದ್ಯೆ, ಗಂಡಸಿನ ಮಾತನ್ನೂ ನಡತೆಯನ್ನೂ ತಾಳೆ ಹಾಕೋ ವಿದ್ಯೆ, ಅದು ಮನೆಯಲ್ಲಿ ಮುಚ್ಚುಮರೆ ಇಲ್ಲದೆ ಮಾತಾಡಿದ್ರೆ ಮಾತ್ರ ದಾಟತ್ತೆ. ದಯವಿಟ್ಟು ಮಾತಾಡಿ.

ಇಷ್ಟು ಹೇಳಿದ ಮೇಲೆ ಎಲ್ಲಾ ಹೆಂಗಸರಿಗೂ ಪ್ರೀತಿ ಬೇಕೇ ಬೇಕು ಅಂತ ನಾನು ಹೇಳ್ತಿದೀನಿ ಅನ್ಕೋಬೇಡಿ. ಪ್ರಣಯದ ಆಕರ್ಷಣೆನೇ ಇಲ್ಲದ ಹೆಂಗಸರಿದಾರೆ, ಅವರಿಗೆ ಏನೂ ಕೊರತೆ ಇಲ್ಲ. ಹೆಣ್ಣನ್ನೇ ಪ್ರೀತಿಸೋ ಹೆಂಗಸರಿದಾರೆ, ಅವರನ್ನ ಬಿಟ್ಟು ಈ ಪ್ರಶ್ನೆ ಕೇಳೋದೇ ತಪ್ಪು. ಕೆಲವರಿಗೆ ಅವರ ಕೆಲಸ, ಅವರ ಸಂಗೀತ, ಅವರ ಗೆಳತಿಯರೇ ತುಂಬಿಕೊಂಡಿರ್ತಾರೆ. ಅಂಥೋರಿಗೆ ಯಾಕೆ ಒಂಟಿ ಅಂತ ಕೇಳಿ ಕೇಳಿ ಜೀವ ಹಿಂಡೋದು ಬಿಡ್ಬೇಕು.

ಇನ್ನು ಗಂಡಸರ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಅವರ ಮೇಲಿನ ಕಾಳಜಿಯಿಂದಾನೇ. ಮೇಲೆ ಹೇಳಿದ ಸಿಂಪ್ಸನ್, ಮತ್ತೆ ಐರಿಸ್ ವಾರಿಂಗ್, ಪಾಲ್ ವಾನ್ ಲಾಂಗೆ ಈಚೆಗೆ ಎಷ್ಟೋ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿ, ಪ್ರೇಮಸಂಬಂಧ ಹೆಂಗಸರಿಗಿಂತ ಗಂಡಸರಿಗೇ ಹೆಚ್ಚು ಮುಖ್ಯ ಅಂತ ವಾದ ಮಂಡಿಸಿದಾರೆ. ಸಂಬಂಧ ಮುರಿದಾಗ ಹೆಚ್ಚು ಕುಸಿಯೋದು ಗಂಡಸು, ಬಿಟ್ಟು ಹೋಗೋಕೆ ಕಡಿಮೆ ಮುಂದಾಗೋದೂ ಅವನೇ. ಅಮೆರಿಕದಲ್ಲಿ ಮೈಕೆಲ್ ರೋಸೆನ್‌ಫೆಲ್ಡ್ ನಡೆಸಿದ ಸಮೀಕ್ಷೆಯಲ್ಲಿ ವಿಚ್ಛೇದನ ಬೇಕು ಅಂದೋರಲ್ಲಿ ಶೇಕಡಾ 69 ಹೆಂಗಸರು. ವಿಚಿತ್ರ ಏನಂದ್ರೆ ಮದುವೆಯಾಗದೆ ಜೊತೆಗಿದ್ದ ಜೋಡಿಗಳಲ್ಲಿ ಹೆಣ್ಣು ಗಂಡು ಹೆಚ್ಚುಕಮ್ಮಿ ಸಮಸಮ ಬಿಟ್ಟು ಹೋಗ್ತಾರೆ, ಹಾಗಾಗಿ ಹೆಂಗಸರಿಗೆ ಸಾಕಾಗ್ತಿರೋದು ಪ್ರೀತಿಗಿಂತ ಹೆಚ್ಚಾಗಿ ಹೆಂಡತಿ ಅನ್ನೋ ಕೆಲಸ ಅನ್ಸತ್ತೆ. ಗಂಡಸರಿಗೆ ಯಾಕೆ ಅಷ್ಟು ಪೆಟ್ಟು ಬೀಳತ್ತೆ ಅಂದ್ರೆ, ಮನಸ್ಸು ಬಿಚ್ಚಿ ಮಾತಾಡೋಕೆ ಅವರಿಗೆ ಇರೋದು ಹೆಚ್ಚಾಗಿ ಹೆಂಡತಿ ಒಬ್ಬಳೇ. ಹೆಂಗಸರಿಗೆ ಅಕ್ಕ ತಂಗಿ, ಗೆಳತಿ, ಪಕ್ಕದ ಮನೆಯೋಳು, ಹತ್ತು ಕಿವಿ ಇರತ್ತೆ. ಹುಡುಗ ಹೃದಯ ಒಡೆದುಕೊಂಡು ಬಂದಾಗ ಸ್ನೇಹಿತರು ಬಿಡೋ ಮಗಾ ಇನ್ನೊಬ್ಳು ಸಿಗ್ತಾಳೆ ಅಂತ ಹೇಳಿ ಮುಗಿಸ್ತಾರೆ. ಅವನೊಳಗೆ ಇರೋದು ಯಾರಿಗೂ ಕೇಳ್ಸೋದೇ ಇಲ್ಲ, ಆಮೇಲೆ ನಾವೆಲ್ಲ ಗಂಡಸರಿಗೆ ಪ್ರೀತಿಯಲ್ಲಿ ಆಸಕ್ತಿ ಇಲ್ಲ ಅಂತ ತೀರ್ಮಾನ ಮಾಡ್ತೀವಿ. ಗಂಡುಮಕ್ಕಳಿಗೂ ಕೂತು ಹೇಳ್ಕೊಳ್ಳೋ ಜಾಗ ಬೇಕು, ಅದೂ ಚಿಕ್ಕ ವಯಸ್ಸಿಂದ.

ಕೊನೆಗೆ ಯಾವಾಗ್ಲೂ ಬರೋ ಇನ್ನೊಂದು ಪ್ರಶ್ನೆ, ವಯಸ್ಸಾದ ಮೇಲೂ ಹೆಂಗಸರಿಗೆ ಇದೆಲ್ಲ ಬೇಕಾ ಅಂತ. ಐವತ್ತು ದಾಟಿದೋಳು, ಗಂಡನನ್ನ ಕಳ್ಕೊಂಡೋಳು, ಅವಳ ಬಗ್ಗೆ ಈ ಪ್ರಶ್ನೆ ಕೇಳುವಾಗ ಜನ ದನಿ ತಗ್ಗಿಸ್ತಾರೆ, ಕೇಳೋದೇ ಅಸಹ್ಯ ಅನ್ನೋ ಥರ. ಸ್ವೀಡನ್, ನೆದರ್ಲ್ಯಾಂಡ್ಸ್ ಕಡೆ ವಯಸ್ಸಾದ ಮೇಲೆ ಹೊಸದಾಗಿ ಪ್ರೀತಿಯಲ್ಲಿ ಬಿದ್ದ ಜೋಡಿಗಳ ಬಗ್ಗೆ ಸಂಶೋಧನೆಗಳು ಆಗಿವೆ. ಇಬ್ರೂ ತಂತಮ್ಮ ಮನೆಯಲ್ಲೇ ಇರ್ತಾರೆ, ವಾರದಲ್ಲಿ ಕೆಲವು ದಿನ ಸೇರ್ತಾರೆ, ಒಟ್ಟಿಗೆ ಊರು ಸುತ್ತಾರೆ, ಒಬ್ರಿಗೊಬ್ರು ನಿಷ್ಠರಾಗಿರ್ತಾರೆ, ಆದ್ರೆ ಒಂದೇ ಮನೆಗೆ ಬರಲ್ಲ. ಹೀಗೆ ಬೇರೆ ಬೇರೆ ಇರೋಣ ಅಂತ ಹಠ ಹಿಡಿಯೋದು ಹೆಚ್ಚಾಗಿ ಹೆಂಗಸು. ಅವಳಿಗೆ ಅವನು ಬೇಕು, ಅವನ ಮಾತು ಬೇಕು, ಅವನ ಕೈ ಹಿಡ್ಕೊಂಡು ನಡೀಬೇಕು, ಆದ್ರೆ ಇನ್ನೊಂದು ಸಲ ಒಬ್ಬರ ಬಟ್ಟೆ ಒಗೆದು, ಮಾತ್ರೆ ಎಣಿಸಿ ಕೊಟ್ಟು, ಊಟದ ಹೊತ್ತಿಗೆ ಮನೆ ಸೇರೋ ಜೀವನ ಬೇಡ. ಹೆಂಗಸರಿಗೆ ನಿಜವಾಗ್ಲೂ ಏನು ಇಷ್ಟ ಅಂತ ಕೇಳೋರಿಗೆ ನಾನು ಈಗೀಗ ಈ ಹೆಂಗಸರ ವಿಷಯಾನೇ ಮೊದಲು ಹೇಳ್ತೀನಿ, ಯಾಕಂದ್ರೆ ಬದುಕಿನಲ್ಲಿ ಮೊದಲ ಸಲ ಅವರಿಗೆ ಪ್ರೀತಿಯನ್ನ ಚಾಕರಿಯಿಂದ ಬಿಡಿಸಿ ತಗೊಳ್ಳೋ ಅವಕಾಶ ಸಿಕ್ಕಿದೆ, ಸಿಕ್ಕಾಗ ಅವರು ಪ್ರೀತಿಯನ್ನ ಇಟ್ಕೊಂಡಿದಾರೆ.